ಬೀಗ ಮೊದಲು, ಕೀಲಿ ಆಮೇಲೆ

ನಮ್ಮ ದೊಡ್ಡಮ್ಮನಿಗೆ ಜಗಳ ಬರುವುದಿಲ್ಲ. ಕೆಲವರಿಗೆ ಈಜು ಬರುವುದಿಲ್ಲವಲ್ಲ, ಹಾಗೆ. ಅಂಗಡಿಯವನು ಕೊಳೆತ ಟೊಮೇಟೊ ಕಟ್ಟಿಕೊಟ್ಟರೆ ಮನೆಗೆ ತಂದು, ಕೊಳೆತದ್ದನ್ನು ಕತ್ತರಿಸಿ ಎಸೆದು, "ಪಾಪ, ಅವನಿಗೂ ಕಂಡಿರಲ್ಲ ಬಿಡು" ಅನ್ನುವ ಹೆಂಗಸು. ನಾನು ಅವಳ ತಂಗಿಯ ಮಗಳು, ಆದರೆ ಆ ಗುಣ ನನ್ನ ಕಡೆ ತಿರುಗಿಯೂ ನೋಡಿಲ್ಲ. ಟೈರ್ ಅಂಗಡಿಯೊಂದರಲ್ಲಿ ಫೋನಿನ ಮುಂದೆ ಕೂತು, ಬಾಕಿ ಉಳಿಸಿಕೊಂಡವರ ಬೆವರಿಳಿಸುವುದೇ ನನ್ನ ಹೊಟ್ಟೆಪಾಡು. "ನಾಳೆ ಕೊಡ್ತೀನಿ" ಅನ್ನುವ ದನಿಯಲ್ಲೇ ಕೊಡುವವನು ಯಾರು, ಕೈಯೆತ್ತುವವನು ಯಾರು ಎಂದು ಹೇಳಬಲ್ಲೆ. ಇಂಥ ನಾನು ಪಕ್ಕದ ಬೀದಿಯಲ್ಲೇ ಇದ್ದೂ ಒಬ್ಬ ಭಂಡ ಅವಳನ್ನು ಗೋಳು ಹೊಯ್ದುಕೊಂಡನಲ್ಲ ಎನ್ನುವುದು ಇವತ್ತಿಗೂ ನನಗೆ ಮೈಯುರಿಯುವ ಸಂಗತಿ.

ದೊಡ್ಡಮ್ಮ ಇರುವುದು ಮುಚ್ಚಿದ ಶಟರಿನ ಮೇಲಿನ ಎರಡು ಕೋಣೆಗಳಲ್ಲಿ. ಶಟರಿನ ಹಿಂದಿದ್ದದ್ದು ದೊಡ್ಡಪ್ಪನ ಅಂಗಡಿ. ಬೀಗ ರಿಪೇರಿ, ಕೀಲಿ ತಯಾರಿ. ಬಾಡಿಗೆ ಏರಿದಾಗ ಅವರು ಅಂಗಡಿ ಬಿಟ್ಟುಕೊಟ್ಟು, ಅರಗಳು, ಇಕ್ಕಳ, ಬೀಗ ಕಚ್ಚಿ ಹಿಡಿಯುವ ಕಬ್ಬಿಣದ ವೈಸು ಎಲ್ಲವನ್ನೂ ಮೇಲಕ್ಕೆ ಹೊತ್ತು ತಂದು ಊಟದ ಮೇಜಿನ ಅರ್ಧಕ್ಕೆ ಜಡಿದುಬಿಟ್ಟರು. ಅಂದಿನಿಂದ ಆ ಮನೆಯಲ್ಲಿ ಇಬ್ಬರು ಊಟಕ್ಕೆ ಕೂತರೆ ಮೂರನೆಯವರಿಗೆ ಜಾಗವಿಲ್ಲ. ಅವರಿಗೆ ಮಕ್ಕಳಿಲ್ಲ. ಮೂರನೆಯವಳಾಗಿ ಹೋಗುತ್ತಿದ್ದವಳು ನಾನೊಬ್ಬಳೇ, ಕಿಟಕಿ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ಕೂರುತ್ತಿದ್ದೆ.

ಗುಜರಿಯವರ ಬಳಿ ಕೀಲಿ ಕಳೆದುಹೋದ ಹಳೆಯ ಹಿತ್ತಾಳೆ ಬೀಗಗಳು ಬಂದು ಬೀಳುತ್ತವೆ. ಅವನ್ನು ದೊಡ್ಡಪ್ಪ ತೂಕಕ್ಕೆ ತರುತ್ತಿದ್ದರು. ಹಲ್ಲಿಲ್ಲದ ಕೀಲಿಯೊಂದನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿ, ಬೀಗದೊಳಗೆ ಮೆಲ್ಲಗೆ ತಿರುಗಿಸಿ, ಕಪ್ಪು ಎಲ್ಲಿ ಅಳಿಸಿದೆಯೋ ಅಲ್ಲಿ ಅರ ಹಾಕುವುದು. ಮತ್ತೆ ಹೊಗೆ, ಮತ್ತೆ ಅರ. ಒಂದು ಬೀಗ ಬಾಯಿ ಬಿಡಲು ಕೆಲವೊಮ್ಮೆ ಇಡೀ ವಾರ ಹಿಡಿಯುತ್ತಿತ್ತು. ಬಿಟ್ಟ ದಿನ ಅವರ ಮುಖ ನೋಡಬೇಕು, ಮನೆಯಲ್ಲಿ ಮಗು ಹುಟ್ಟಿದಂತೆ.

ಇಂಥ ಬೀಗಗಳನ್ನು ಕೂಡಿಡುವ ಹುಚ್ಚರು ಲೋಕದ ಮೂಲೆಮೂಲೆಯಲ್ಲಿ ಇದ್ದಾರೆ ಎಂದು ಹೇಳಿ, ಆನ್‌ಲೈನ್ ಹರಾಜಿನ ಸೈಟಿನಲ್ಲಿ ದೊಡ್ಡಪ್ಪನ ಹೆಸರಿನಲ್ಲಿ ಖಾತೆ ತೆರೆದುಕೊಟ್ಟವಳು ನಾನೇ. ಬೀಗದ ಫೋಟೊ ಹಾಕಬೇಕು, ಬೇಕಾದವರು ಬೆಲೆ ಏರಿಸುತ್ತ ಹೋಗುತ್ತಾರೆ, ಹೊತ್ತು ಮುಗಿದಾಗ ಮೇಲಿದ್ದವನಿಗೆ ಮಾಲು. ಕೊಂಡವರು ಆಮೇಲೆ ವ್ಯಾಪಾರಿಯ ಪುಟದಲ್ಲಿ ನಾಲ್ಕು ಮಾತು ಬರೆಯಬಹುದು, ಅದಕ್ಕೆ ಫೀಡ್‌ಬ್ಯಾಕ್ ಅಂತ ಹೆಸರು. ಅದರ ಲೆಕ್ಕದಲ್ಲೇ ವ್ಯಾಪಾರಿಗೆ ಅಂಕ. ದೊಡ್ಡಪ್ಪನಿಗೆ ಮೊದಲ ದಿನದಿಂದ ನೂರಕ್ಕೆ ನೂರು. ಶಾಲೆಯಲ್ಲಿ ಯಾವತ್ತೂ ನೋಡದ ಅಂಕ ಎಂದು ಅವರೇ ನಗುತ್ತಿದ್ದರು.

ಆದರೆ ಒಂದು ಹಟ ಮಾತ್ರ ಬಿಡಲಿಲ್ಲ. ಬೀಗ, ಕೀಲಿ ಎರಡನ್ನೂ ಒಂದೇ ಪೊಟ್ಟಣದಲ್ಲಿ ಜಪ್ಪಯ್ಯ ಅಂದರೂ ಕಳಿಸುತ್ತಿರಲಿಲ್ಲ. ಮೊದಲು ಬೀಗ ಹೋಗಬೇಕು. ಅದು ತಲುಪಿತು ಎಂದು ಕೊಂಡವರು ಬರೆದ ಮೇಲೆ ಕೀಲಿ ಹೊರಡಬೇಕು. "ಎರಡೂ ಜೊತೇಲೇ ಹೋದ್ರೆ ಅದು ಬೀಗ ಹೆಂಗಾಗುತ್ತೆ? ಸುಮ್ನೆ ಹಿತ್ತಾಳೆ ಉಂಡೆ" ಎನ್ನುತ್ತಿದ್ದರು. ಎರಡನೇ ಅಂಚೆಯ ಖರ್ಚು ಅವರದೇ. ಮೊದಮೊದಲು ಕೊಳ್ಳುವವರು ಗೊಣಗಿದರು, ಆಮೇಲೆ ಅದೇ ದೊಡ್ಡಪ್ಪನ ಗುರುತಾಯಿತು. ಬೀಗ ಬಂದು ಕೀಲಿ ಬರುವ ನಡುವೆ ಪತ್ರವ್ಯವಹಾರ ನಡೆಯುತ್ತಿತ್ತು. ಎಲ್ಲಿಯೋ ಇರುವ ಒಬ್ಬ ನಿವೃತ್ತ ಹಡಗಿನ ಅಡುಗೆಯವನು ತನ್ನ ಮೊಣಕಾಲು ನೋವಿನ ಕಥೆ ಬರೆಯುತ್ತಿದ್ದ. ದೊಡ್ಡಪ್ಪ ಅದಕ್ಕೆ ಉದ್ದುದ್ದ ಉತ್ತರ ಬರೆದು, ಎದುರಿಗಿದ್ದ ದೊಡ್ಡಮ್ಮನಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆ ಕಳಿಸುತ್ತಿದ್ದರು.

ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ ದೊಡ್ಡಪ್ಪ ತೀರಿಕೊಂಡರು. ಎದೆ ನೋವು ಅಂತ ಆಸ್ಪತ್ರೆಗೆ ನಡೆದುಕೊಂಡೇ ಹೋದವರು ತಿರುಗಿ ಬರಲಿಲ್ಲ. ಆಗ ಒಂದು ಬೀಗ ದಾರಿಯಲ್ಲಿತ್ತು, ಅದರ ಕೀಲಿ ಮೇಜಿನ ಮೇಲಿತ್ತು. ಕೊಂಡವನು "ಬೀಗ ಬಂತು ಸರ್" ಎಂದು ಬರೆದ. ದೊಡ್ಡಮ್ಮ ಕಣ್ಣೊರೆಸಿಕೊಂಡು ಎದ್ದು ಕೀಲಿ ಕಳಿಸಿದಳು. ಅವನು "ಧನ್ಯವಾದ ಸರ್, ನೂರು ವರ್ಷ ಬಾಳಿ" ಎಂದು ಬರೆದ. ಅದಕ್ಕೆ ಅವಳು ಏನು ಉತ್ತರ ಕೊಡಬೇಕಿತ್ತು ಹೇಳಿ? "ಆಗಲಿ" ಎಂದು ಬರೆದಳು. ಹಾಗೆ ಶುರುವಾದದ್ದು ಹಾಗೇ ನಡೆದುಕೊಂಡು ಹೋಯಿತು.

ಆ ಪುಟದಲ್ಲಿ ದೊಡ್ಡಪ್ಪ ಸಾಯಲೇ ಇಲ್ಲ. ಅವರು ಕೀಲಿ ಮಾಡಿ ಮುಗಿಸಿಟ್ಟಿದ್ದ ಬೀಗಗಳು ಕಪಾಟಿನ ತುಂಬ ಇದ್ದವು. ದೊಡ್ಡಮ್ಮ ಒಂದೊಂದನ್ನೇ ತೆಗೆದು, ಒರೆಸಿ, ಎಣ್ಣೆ ಬಿಟ್ಟು, ಹರಾಜಿಗೆ ಹಾಕುತ್ತಿದ್ದಳು. ಕಪಾಟು ಖಾಲಿಯಾದರೆ ಮಾತೂ ಖಾಲಿ ಎಂದು ಗೊತ್ತಿದ್ದರಿಂದ ಬರಬರುತ್ತ ನಿಧಾನ ಮಾಡಿದಳು. ನಾನು ಬಿಟ್ಟರೆ ಅವಳ ಮನೆ ಬಾಗಿಲು ತಟ್ಟುವವರಿರಲಿಲ್ಲ. ನಾನೂ ಭಾನುವಾರದ ಗಿರಾಕಿ. ಉಳಿದ ದಿನಗಳಲ್ಲಿ ಅವಳು ಕಿಟಕಿಯಿಂದ ಬಸ್ ನಿಲ್ದಾಣ ನೋಡುತ್ತ, ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಕೂತಿರುತ್ತಿದ್ದಳು. "ಬೀಗ ಬಂತು" ಎಂಬ ಸುದ್ದಿ ಬಂದ ದಿನ ಅವಳ ದನಿಯೇ ಬೇರೆ. ದೊಡ್ಡಪ್ಪನ ಹಾಗೆ ಉದ್ದ ಬರೆಯಲು ಬರುತ್ತಿರಲಿಲ್ಲ, ಆದರೂ ಅವರ ಮಾತಿನ ವರಸೆ ನೆನೆದು ನೆನೆದು ಎರಡು ಸಾಲು ಗೀಚುತ್ತಿದ್ದಳು.

ಹೀಗಿರುವಾಗ ಬಂದವನು ಈ ಹದ್ದಿನವನು. ಅವನ ಖಾತೆಯಲ್ಲಿ ಮುಖದ ಬದಲು ಹದ್ದಿನ ಚಿತ್ರವಿತ್ತು, ನಾವು ಇಟ್ಟ ಹೆಸರು ಅದೇ. ಕಪಾಟಿನಲ್ಲಿದ್ದವುಗಳ ಪೈಕಿ ಒಳ್ಳೆಯದು ಎನ್ನಬಹುದಾದ ಬೀಗ, ಎರಡು ಸಲ ತಿರುಗಿಸಿದರೆ ಮಾತ್ರ ತೆರೆಯುವಂಥದ್ದು. ಅದಕ್ಕೆ ಹದ್ದಿನವನು ಎಲ್ಲರನ್ನೂ ಹಿಂದೆ ಹಾಕಿ ಬೆಲೆ ಏರಿಸಿ ಗೆದ್ದ. ಗೆದ್ದ ಮೇಲೆ ಮಂಗಮಾಯ. ದೊಡ್ಡಮ್ಮ ನೆನಪು ಮಾಡಿದಳು. ಬ್ಯಾಂಕು ರಜೆ ಎಂದ. ಮತ್ತೆ ನೆನಪು ಮಾಡಿದಳು. ಕಾರ್ಡು ಕಳೆದಿದೆ ಎಂದ. ಕೊನೆಗೆ ತಾಯಿ ಆಸ್ಪತ್ರೆಯಲ್ಲಿದ್ದಾಳೆ, ಈ ವ್ಯಾಪಾರ ಬೇಡ, ದಯವಿಟ್ಟು ರದ್ದು ಮಾಡಿ ಎಂದು ಅಂಗಲಾಚಿದ. ನನ್ನನ್ನು ಕೇಳಿದ್ದರೆ ಬ್ಯಾಂಕು ರಜೆ ಎಂದಾಗಲೇ ಅವನ ಜಾತಕ ಬಿಡಿಸಿಡುತ್ತಿದ್ದೆ. ಅವಳು ನನ್ನನ್ನು ಕೇಳಲಿಲ್ಲ.

ವ್ಯಾಪಾರ ರದ್ದು ಮಾಡುವಾಗ ಸೈಟು ಕಾರಣ ಕೇಳುತ್ತದೆ. "ಕೊಂಡವರು ಹಣ ಕೊಡಲಿಲ್ಲ" ಎಂದು ಒತ್ತಿದರೆ ಅವನ ಖಾತೆಗೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ, ಆ ವ್ಯಾಪಾರದ ಬಗ್ಗೆ ಅವನು ಬಾಯಿ ಬಿಡುವಂತಿಲ್ಲ. "ಇಬ್ಬರೂ ಒಪ್ಪಿ ಬಿಟ್ಟೆವು" ಎಂದು ಒತ್ತಿದರೆ ಅವನಿಗೆ ಚುಕ್ಕೆಯೂ ಇಲ್ಲ, ಫೀಡ್‌ಬ್ಯಾಕ್ ಬರೆಯುವ ಹಕ್ಕೂ ಉಳಿಯುತ್ತದೆ. ಇದು ಹರಾಜಿನಲ್ಲಿ ಪಳಗಿದವರಿಗೆ ಅಂಗೈಯ ಗೆರೆಯಷ್ಟು ಪರಿಚಿತ. ದೊಡ್ಡಪ್ಪನಾಗಿದ್ದರೆ ಕಣ್ಣು ಮುಚ್ಚಿಕೊಂಡು ಮೊದಲನೆಯದನ್ನು ಒತ್ತುತ್ತಿದ್ದರು. ದೊಡ್ಡಮ್ಮ ಎರಡನೆಯದನ್ನು ಒತ್ತಿದಳು. "ತಾಯಿ ಹಾಸಿಗೆ ಹಿಡಿದಿರೋವಾಗ ಅವನ ಮೇಲೆ ಇದೊಂದು ಬೇರೆ ಯಾಕೆ ಅಂತ" ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಬೀಗವನ್ನು ಮತ್ತೆ ಹರಾಜಿಗೆ ಹಾಕಿದಾಗ ಹದ್ದಿನವನು ಮತ್ತೆ ಹಾರಿ ಬಂದ. ತಾಯಿಯ ಸುದ್ದಿ ಇಲ್ಲ. ಹರಾಜು ನಿಲ್ಲಿಸಿ ಅರ್ಧ ಬೆಲೆಗೆ ತನಗೇ ಕೊಡಬೇಕು, ಇಲ್ಲದಿದ್ದರೆ ನಿಮ್ಮ ನೂರಕ್ಕೆ ನೂರು ಏನಾಗುತ್ತದೆ ನೋಡಿ ಎಂದು ಬರೆದ. ದೊಡ್ಡಮ್ಮನಿಗೆ ಜಗಳ ಬರುವುದಿಲ್ಲ ಅಂದೆನಲ್ಲ, ಆದರೆ ಬೆದರಿಕೆಗೆ ಸೊಪ್ಪು ಹಾಕುವವಳೂ ಅಲ್ಲ. "ಆಗುವುದಿಲ್ಲ" ಎಂದು ಒಂದೇ ಮಾತು ಬರೆದಳು. ಮಾರನೇ ದಿನ ದೊಡ್ಡಪ್ಪನ ಪುಟದ ನೆತ್ತಿಯ ಮೇಲೆ ಕೆಂಪು ಗುರುತಿನೊಂದಿಗೆ ಅವನ ಮಾತು ಕೂತಿತ್ತು: "ಬೀಗ ಬಂತು, ಕೀಲಿ ಕಳಿಸಲೇ ಇಲ್ಲ. ಮೋಸಗಾರ."

ಆ ಕಳ್ಳನ ಬುದ್ಧಿ ನೋಡಿ. ಬೇರೆ ಏನು ಬರೆದಿದ್ದರೂ ಯಾರೂ ನಂಬುತ್ತಿರಲಿಲ್ಲ. ಬೀಗ ಮೊದಲು, ಕೀಲಿ ಆಮೇಲೆ ಎನ್ನುವುದು ಲೋಕಕ್ಕೇ ಗೊತ್ತಿರುವ ಅಂಗಡಿಯ ಮೇಲೆ ಇದೊಂದು ಸುಳ್ಳು ನಿಜದ ಹಾಗೇ ಕಾಣುತ್ತದೆ. ಬೀಗ ಇನ್ನೂ ನಮ್ಮ ಕಪಾಟಿನಲ್ಲೇ ಇತ್ತು!

ಭಾನುವಾರ ನಾನು ಹೋದಾಗ ದೊಡ್ಡಮ್ಮ ಆ ಬೀಗವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಒಲೆ ಹೊತ್ತಿಸಿದ ಗುರುತಿರಲಿಲ್ಲ. ನಾನು ಚಪ್ಪಲಿ ಬಿಡುವ ಮೊದಲೇ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದಳು.

"ಇದನ್ನ ಅಳಿಸೋಕೆ ಆಗುತ್ತಾ ನೋಡು. ನನ್ನನ್ನ ಬೈದಿದ್ರೆ ಹೋಗ್ಲಿ ಅಂತಿದ್ದೆ. ಅವರನ್ನ ಮೋಸಗಾರ ಅಂದಿದಾನೆ."

ನನಗೆ ತಲೆಗೇರಿತು. ಅವನ ಬೆದರಿಕೆಯ ಮಾತೇ ಸಾಕ್ಷಿಯಾಗಿ ಕೈಯಲ್ಲಿದೆ, ಇಂಥವನನ್ನು ಬಿಡುವುದುಂಟೆ ಎಂದುಕೊಂಡು, ಅಲ್ಲೇ ನಿಂತು ಸೈಟಿನ ಸಹಾಯವಾಣಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಎಲ್ಲ ಕೇಳಿಸಿಕೊಂಡಳು.

"ಇದು ಖಂಡಿತ ತೆಗೀಬಹುದಾದ ಕೇಸು ಮೇಡಂ. ಖಾತೆಯ ಮಾಲೀಕರು ಒಂದ್ ನಿಮಿಷ ಕ್ಯಾಮೆರಾ ಮುಂದೆ ಬಂದು ಗುರುತಿನ ಚೀಟಿ ತೋರಿಸಿದ್ರೆ ಆಯ್ತು."

"ಮಾಲೀಕರಿಗೆ ಹುಷಾರಿಲ್ಲ. ಅವರ ಹೆಂಡತಿ ಇದಾರೆ, ಅವರನ್ನ ಕೂರಿಸಲಾ?"

"ಇಲ್ಲ ಮೇಡಂ, ಅವರೇ ಬರಬೇಕು. ಹುಷಾರಾದ ಮೇಲೆ ಬರ್ಲಿ, ಪರವಾಗಿಲ್ಲ."

"ಅಕಸ್ಮಾತ್ ಅವರು ಬರೋಕೇ ಆಗಲ್ಲ ಅಂದ್ರೆ?"

"ತೀರಿಕೊಂಡಿದಾರಾ ಮೇಡಂ? ಹಾಗಿದ್ರೆ ನಾವು ಖಾತೆ ಮುಚ್ಚಬೇಕಾಗುತ್ತೆ. ಪುಟ ಪೂರ್ತಿ ಹೋಗುತ್ತೆ. ಹೆಸರು ಒಂದ್ಸಲ ಹೇಳ್ತೀರಾ?"

ನಾನು ಫೋನ್ ಕಟ್ ಮಾಡಿದೆ. ದಿನವಿಡೀ ಜನ ನನ್ನ ಫೋನ್ ಕಟ್ ಮಾಡುವುದನ್ನು ಕಂಡವಳು, ನಾನೇ ಹಾಗೆ ಮಾಡಿದ್ದು ಅದೇ ಮೊದಲು.

ಸ್ಪೀಕರಿನಲ್ಲಿ ಹಾಕಿದ್ದರಿಂದ ದೊಡ್ಡಮ್ಮ ಎಲ್ಲ ಕೇಳಿದ್ದಳು. ಈಗ ಅವಳ ಮುಂದಿದ್ದದ್ದು ಇಷ್ಟೇ. ಸುಮ್ಮನಿದ್ದರೆ ಪುಟ ಉಳಿಯುತ್ತದೆ, ದೊಡ್ಡಪ್ಪ ಅದರಲ್ಲಿ ಮೋಸಗಾರರಾಗಿ ಉಳಿಯುತ್ತಾರೆ. ಗುದ್ದಾಡಲು ಹೋದರೆ ಅವರು ಬರೆದ ಉತ್ತರಗಳು, ಹಡಗಿನ ಅಡುಗೆಯವನು, ಮೊಣಕಾಲು ನೋವು, ಎಲ್ಲ ಒಂದೇ ಏಟಿಗೆ ಹೋಗುತ್ತವೆ. ನಾನು ಸಮಾಧಾನ ಹೇಳಲು ಹೋಗಿ, "ಹಳೇದು ಬಿಡು ದೊಡ್ಡಮ್ಮ, ನಿನ್ನ ಹೆಸರಲ್ಲೇ ಹೊಸ ಖಾತೆ ತೆಗೆಯೋಣ" ಎಂದೆ.

"ನನ್ನ ಹೆಸರಿನ ಜೊತೆ ಯಾರು ಮಾತಾಡ್ತಾರೆ?" ಎಂದಳು.

ಉಳಿದದ್ದು ಒಂದೇ ದಾರಿ. ಪ್ರತಿ ಫೀಡ್‌ಬ್ಯಾಕಿನ ಕೆಳಗೂ ವ್ಯಾಪಾರಿ ಒಂದು ಸಲ, ಒಂದೇ ಸಲ, ಉತ್ತರ ಬರೆಯಬಹುದು. ಬರೆದ ಮೇಲೆ ತಿದ್ದುವಂತಿಲ್ಲ. ನಾಲ್ಕು ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ. ನಾನು ತಕ್ಷಣ ಪೆನ್ನು ಹಿಡಿದು, ಭಂಡ, ಲಫಂಗ, ಹಣ ಕೊಡದೆ ಬೆದರಿಸುವ ಗಿರಾಕಿ, ಇವನ ತಾಯಿ ಆಸ್ಪತ್ರೆಯಲ್ಲಿ ಅಲ್ಲ ನಾಚಿಕೆಯಿಂದ ಮನೆಯಲ್ಲೇ ಅಡಗಿದ್ದಾಳೆ ಎಂದೆಲ್ಲ ಬರೆದು ಓದಿದೆ. ದೊಡ್ಡಮ್ಮ ತಲೆಯಾಡಿಸಿದಳು. "ಅವನ ತಾಯಿ ಏನು ಮಾಡಿದ್ಲು ಪಾಪ. ನೀನು ಇವತ್ತು ಮನೆಗೆ ಹೋಗು, ನಾನು ಬರೀತೀನಿ" ಎಂದು ನನ್ನನ್ನು ಹೊರಗಟ್ಟಿದಳು. ಮೆಟ್ಟಿಲಿಳಿಯುವಾಗ ಹಿಂತಿರುಗಿ ನೋಡಿದೆ. ಮೇಜಿನ ಮುಂದೆ ಕನ್ನಡಕ ಏರಿಸಿಕೊಂಡು, ಪರೀಕ್ಷೆಗೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

ಅವಳು ಬರೆದದ್ದನ್ನು ಮಾರನೇ ದಿನ ಅಂಗಡಿಯಲ್ಲಿ ಟೈರುಗಳ ನಡುವೆ ನಿಂತು ಫೋನಿನಲ್ಲಿ ಓದಿದೆ:

"ಈ ಬೀಗ ನನ್ನ ಹತ್ತಿರವೇ ಇದೆ, ನೀವು ಕೊಂಡಿಲ್ಲ. ಈ ಅಂಗಡಿಯವರು ತೀರಿಕೊಂಡು ಎರಡು ವರ್ಷವಾಯಿತು. ನಾನು ಅವರ ಹೆಂಡತಿ. ಅವರು ಇದ್ದಾಗಲೂ ಇಲ್ಲದಾಗಲೂ ಯಾರಿಗೂ ಕೀಲಿ ತಪ್ಪಿಸಿದವರಲ್ಲ."

ಗಿರಾಕಿಯೊಬ್ಬ ಕೌಂಟರ್ ಬಡಿಯುತ್ತಿದ್ದ, ಕಾಯಲಿ ಎಂದು ಬಿಟ್ಟೆ. ಪುಟ ಹೋದರೆ ಹೋಗಲಿ ಎಂದು ಅವಳು ನಿರ್ಧರಿಸಿಬಿಟ್ಟಿದ್ದಳು. ಆಚೀಚೆ ಮನೆಯವರಿಗೂ ಬಾಯಿ ಬಿಟ್ಟು "ಅವರು ಹೋದರು" ಎಂದು ಹೇಳಿದವಳಲ್ಲ, ಆ ಮಾತನ್ನು ಆಗ ನಾನೇ ಎಲ್ಲರಿಗೂ ಹೇಳಿದ್ದೆ. ಈಗ ಗುರುತಿಲ್ಲದ ಲೋಕದ ಮುಂದೆ ಅವಳೇ ಹೇಳಿದ್ದಳು, ಅದೂ ಒಬ್ಬ ಲಫಂಗನಿಗೆ ಉತ್ತರವಾಗಿ.

ಆ ಮೇಲಿನ ದಿನಗಳಲ್ಲಿ ಅವಳು ಕಾದಳು. ಸೈಟಿನವರು ಪುಟ ಮುಚ್ಚುತ್ತಾರೆ ಎಂದು ಕಾದಳು, ಮುಚ್ಚಲಿಲ್ಲ. ಯಾರಾದರೂ ಎರಡು ಮಾತು ಬರೆಯುತ್ತಾರೆ ಎಂದು ಕಾದಳು, ಬರೆಯಲಿಲ್ಲ. ಅಡುಗೆ ಮಾಡುವಾಗಲೂ ಲ್ಯಾಪ್‌ಟಾಪನ್ನು ಒಲೆಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಸ್ನಾನಕ್ಕೆ ಹೋಗುವಾಗ ಅದರ ಸದ್ದು ಜಾಸ್ತಿ ಮಾಡಿ ಹೋಗುತ್ತಿದ್ದಳು. ಬಾಯಿ ಬಿಟ್ಟು ಕೇಳುತ್ತಿರಲಿಲ್ಲ, ಆದರೆ ನಾನು ಬಂದ ಕೂಡಲೇ "ಇಂಟರ್ನೆಟ್ ಸರಿ ಇದೆಯಾ ಒಂಚೂರು ನೋಡು" ಎನ್ನುತ್ತಿದ್ದಳು. ಇಂಟರ್ನೆಟ್ ಸರಿಯಾಗಿಯೇ ಇತ್ತು. ನನಗೆ ಆ ಕೂಡಿಡುವ ಹುಚ್ಚರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಒಬ್ಬೊಬ್ಬರಿಗೂ ಫೋನ್ ಮಾಡಿ ಝಾಡಿಸಿಬಿಡೋಣ ಅನ್ನಿಸಿತು. ನಂಬರ್ ಇರಲಿಲ್ಲ, ಬಚಾವಾದರು.

ಒಂದು ಮಧ್ಯಾಹ್ನ ನನ್ನ ಫೋನಿಗೆ ಸೈಟಿನಿಂದ ಸೂಚನೆ ಬಂತು. ಖಾತೆ ತೆರೆದವಳು ನಾನಾದ್ದರಿಂದ ಸೈಟಿನವರು ಕಳಿಸುವ ಸೂಚನೆಗಳು ನನಗೂ ಬರುತ್ತವೆ, ಕೊಳ್ಳುವವರು ಬರೆದದ್ದು ಮಾತ್ರ ಬರುವುದಿಲ್ಲ. ಹದ್ದಿನವನು ಇನ್ನೂ ಹಲವರ ಜೊತೆ ಇದೇ ಆಟ ಆಡಿದ್ದನಂತೆ. ಗೆಲ್ಲುವುದು, ಹಣ ಕೊಡದಿರುವುದು, ಬೆದರಿಸುವುದು. ಅವರೆಲ್ಲ ದೂರು ಕೊಟ್ಟು, ಸೈಟಿನವರು ಅವನ ಖಾತೆಯನ್ನೇ ಕಿತ್ತು ಹಾಕಿ, ಅವನು ಎಲ್ಲೆಲ್ಲಿ ಏನೇನು ಬರೆದಿದ್ದನೋ ಎಲ್ಲ ಗುಡಿಸಿ ಹಾಕಿದ್ದರು. ದೊಡ್ಡಪ್ಪನಿಗೆ ಮತ್ತೆ ನೂರಕ್ಕೆ ನೂರು. ನಾನು ಅರ್ಧ ದಿನ ರಜೆ ಹಾಕಿ, ಮೆಟ್ಟಿಲನ್ನು ಎರಡೆರಡಾಗಿ ಹತ್ತಿ, ಬಾಗಿಲಲ್ಲೇ ಕೂಗಿದೆ.

"ದೊಡ್ಡಮ್ಮ, ಹದ್ದು ಸತ್ತೋಯ್ತು!"

ಅವಳು ಕೈ ಒರೆಸಿಕೊಂಡು ಬಂದು ಪುಟ ನೋಡಿದಳು. ಮೇಲಿನಿಂದ ಕೆಳಗೆ ಹೋದಳು, ಮತ್ತೆ ಮೇಲೆ ಬಂದಳು. ಅವಳ ಮುಖ ಅರಳಲಿಲ್ಲ.

"ನಾನು ಬರೆದದ್ದು ಎಲ್ಲಿ?"

ನನಗೆ ಆಗಲೇ ಹೊಳೆದದ್ದು. "ಅದೂ ಹೋಗಿದೆ ದೊಡ್ಡಮ್ಮ. ಅವನ ಮಾತೇ ಇಲ್ಲ ಅಂದ್ಮೇಲೆ ಅದರ ಉತ್ತರ ಎಲ್ಲಿರುತ್ತೆ?"

"ಯಾರಾದ್ರೂ ಓದಿದ್ರಾ ಇಲ್ವಾ ಅಂತಾದ್ರೂ ಗೊತ್ತಾಗುತ್ತಾ?"

"ಗೊತ್ತಾಗಲ್ಲ."

ಅವಳು ಕುರ್ಚಿಯಲ್ಲಿ ಕೂತಳು. ಕೆಳಗೆ ಬಸ್ಸೊಂದು ನಿಂತು, ಜನರನ್ನು ಇಳಿಸಿ ಹೋಯಿತು. ಬೇಕಾದರೆ ಮತ್ತೆ ಬರೆಯಬಹುದು, ಹೊಗಳಿದವರ ಮಾತಿನ ಕೆಳಗೂ ಉತ್ತರ ಬರೆಯಲು ಜಾಗ ಇರುತ್ತದೆ ಎಂದು ನಾನು ಹೇಳಿದೆ.

"ಖುಷಿಯಿಂದ ಬರೆದೋರ ಕೆಳಗೆ ಸಾವಿನ ಸುದ್ದಿ ಹಾಕೋದಾ? ಅವನು ಬೈದಿದ್ದಕ್ಕೆ ಹೇಗೋ ಬಾಯಿಂದ ಬಂತು. ಒಂದ್ಸಲ ಹೇಳೋಕೇ ಎರಡು ವರ್ಷ ಬೇಕಾಯ್ತು ನಂಗೆ. ಇನ್ನೊಂದ್ಸಲ ಆಗಲ್ಲ."

ಅವಳು ಅತ್ತಿದ್ದರೆ ನಾನೇನಾದರೂ ಮಾಡುತ್ತಿದ್ದೆ. ಅಳಲಿಲ್ಲ. ನನಗೆ ಟೀ ಮಾಡಿಕೊಟ್ಟಳು, ತಾನು ಕುಡಿಯಲಿಲ್ಲ. ಹಣ ಕೊಡದ ಆ ಲಫಂಗ ಒಬ್ಬನೇ ಅವಳ ಮಾತು ಓದಿದವನು ಇರಬಹುದು ಎಂಬ ಯೋಚನೆ ಬಂದು ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಎರಡು ಸಲ ತಿರುಗಿಸುವ ಆ ಬೀಗ ಕೊನೆಗೆ ಬೇರೊಬ್ಬರಿಗೆ ಹೋಯಿತು. ಅವರು ಹಿಂದೆಯೂ ಎರಡು ಮೂರು ಬೀಗ ಕೊಂಡಿದ್ದವರು, ಶಾಲೆಯೊಂದರಲ್ಲಿ ಗಂಟೆ ಹೊಡೆಯುವ ಕೆಲಸವಂತೆ. ಹರಾಜು ಗೆದ್ದ ದಿನವೇ ಹಣ ಬಂತು, ಬೀಗ ಹೊರಟಿತು. ಮುಂದಿನ ಭಾನುವಾರ ನಾನು ಕಿಟಕಿ ಕಟ್ಟೆಯ ಮೇಲೆ ಕೂತು ಉಣ್ಣುತ್ತಿರುವಾಗ ಲ್ಯಾಪ್‌ಟಾಪ್ ಟಣ್ ಎಂದಿತು. ಎದುರಿನ ದೊಡ್ಡಪ್ಪನ ಕುರ್ಚಿ ಖಾಲಿ ಇದ್ದರೂ ನಾನು ಅಲ್ಲಿ ಕೂರುವುದಿಲ್ಲ, ದೊಡ್ಡಮ್ಮ ಕೂರು ಎಂದು ಹೇಳಿದ್ದೂ ಇಲ್ಲ.

ದೊಡ್ಡಮ್ಮ ಓದಿದಳು. "ಬೀಗ ಬಂತು ಸರ್. ಏನು ಕೆಲಸ, ಏನು ಕೈ! ಇತ್ತೀಚೆಗೆ ನೀವು ಮೊದಲಿನ ಹಾಗೆ ಉದ್ದ ಬರೆಯುವುದಿಲ್ಲ. ನೀವು, ನಿಮ್ಮ ಮನೆಯವರು ಹೇಗಿದ್ದೀರಿ?"

ನಾನು ತುತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದೆ. ಈಗ ಹೇಳು ದೊಡ್ಡಮ್ಮ, ಕೇಳಿದ್ದಾರಲ್ಲ, ಹೇಳಿಬಿಡು ಎಂದು ಮನಸ್ಸಿನಲ್ಲೇ ಕೂಗಿದೆ. ಅವಳು ಕನ್ನಡಕ ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ಆಮೇಲೆ ತಪ್ಪಿದ್ದರೆ ಹೇಳು ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಕೀಲಿ ನಾಳೆ ಹೊರಡುತ್ತದೆ. ಇಬ್ಬರೂ ಚೆನ್ನಾಗಿದ್ದೇವೆ."

ತಪ್ಪೇನೂ ಇಲ್ಲ ಎಂದೆ.